ಮೂರು ಸಲ ತಿದ್ದಿದ ಮಾತು

ತಪ್ಪಾಗಿ ಮಾತಾಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಮೇಲು ಎಂದು ಅವನು ತೀರ್ಮಾನ ಮಾಡಿ ನಾಲ್ಕು ವರ್ಷವಾಗಿತ್ತು. ಗಂಡ ಹೆಂಡತಿ ಈ ದೇಶಕ್ಕೆ ಬಂದಿಳಿದು ಆಗಿದ್ದೂ ನಾಲ್ಕೇ ವರ್ಷ. ಅಷ್ಟರಲ್ಲಿ ಅವನು ಇಲ್ಲಿಯ ಭಾಷೆಯಲ್ಲಿ ಇಪ್ಪತ್ತೇಳು ನೋಟ್‌ಬುಕ್ಕು ತುಂಬಿಸಿದ್ದ. ಎರಡು ದಪ್ಪ ವ್ಯಾಕರಣ ಪುಸ್ತಕಗಳನ್ನು ಅರೆದು ಕುಡಿದಿದ್ದ. ಕೆಳಗಿನ ಅಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣವನ್ನು ಮಾತ್ರ ಇನ್ನೂ ಬಾಯಿಬಿಟ್ಟು ಕೇಳಿರಲಿಲ್ಲ.

ಸ್ವಂತ ಊರಿನಲ್ಲಿ ಅವನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಇಪ್ಪತ್ತೆರಡು ವರ್ಷ ಒಂದೇ ಮೇಜು, ಒಂದೇ ಕುರ್ಚಿ. ಅಲ್ಲಿಯವರು ಅವನನ್ನು ಕೆಂಪು ಪೆನ್ನು ಎಂದು ಕರೆಯುತ್ತಿದ್ದರು. ಅದನ್ನು ಅವನು ಬಿರುದು ಎಂದುಕೊಂಡಿದ್ದ. ಅವರು ಬೆನ್ನ ಹಿಂದೆ ನಗುತ್ತಿದ್ದದ್ದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆ ಅಚ್ಚುಕೂಟದಲ್ಲಿ ಒಂದು ನಿಯಮವಿತ್ತು. ಮೂರು ಸಲ ತಿದ್ದದೆ ಯಾವ ಹಾಳೆಯೂ ಹೊರಗೆ ಹೋಗಕೂಡದು. ಒಳ್ಳೆಯ ನಿಯಮವೇ. ಆದರೆ ಅದು ಕಾಗದಕ್ಕೆ ಮಾಡಿದ ನಿಯಮ. ನಮ್ಮ ಕೆಂಪು ಪೆನ್ನು ಅದನ್ನು ಹಾಗೇ ತಂದು ತನ್ನ ನಾಲಿಗೆಗೆ ಅಂಟಿಸಿಕೊಂಡಿದ್ದ.

ಅದರ ಫಲ ಹೇಗಿತ್ತೆಂದರೆ, ಮೆಟ್ಟಿಲ ಮೇಲೆ ಎದುರು ಮನೆಯ ಅಜ್ಜಿ ಸಿಕ್ಕಿ ಇವತ್ತು ಚಳಿ ಜಾಸ್ತಿ ಅಲ್ಲವಾ ಎಂದರೆ ಅವನು ನಿಂತುಬಿಡುತ್ತಿದ್ದ. ತಲೆಯೊಳಗೆ ಉತ್ತರದ ವಾಕ್ಯ ಸಿದ್ಧವಾಗುತ್ತಿತ್ತು. ಒಂದು ಸಲ ಕ್ರಿಯಾಪದದ ಕಾಲ ಸರಿಯಾಗಿದೆಯೇ ನೋಡುವುದು, ಇನ್ನೊಂದು ಸಲ ಪದಗಳ ಜಾಗ ನೋಡುವುದು, ಮೂರನೆಯ ಸಲ ಒಟ್ಟಾಗಿ ಓದಿಕೊಳ್ಳುವುದು. ಅಷ್ಟೊತ್ತಿಗೆ ಅಜ್ಜಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಆಗಿರುತ್ತಿತ್ತು. ಪಾಪ, ಆ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಎಂದು ಆಕೆ ಕಟ್ಟಡಕ್ಕೆಲ್ಲ ಸಾರಿಬಿಟ್ಟಳು. ಹೆಂಡತಿ ಬಂದು ಇದನ್ನು ಹೇಳಿದಾಗ ಅವನಿಗೆ ಬೇಸರವೇನೂ ಆಗಲಿಲ್ಲ. ಅರೆಬರೆ ಮಾತಾಡಿ ದಡ್ಡನೆನಿಸಿಕೊಳ್ಳುವುದಕ್ಕಿಂತ ಕಿವುಡನೆನಿಸಿಕೊಳ್ಳುವುದು ವಾಸಿ ಎಂದು ಸುಮ್ಮನಾದ.

ಹೆಂಡತಿಯದು ಬೇರೆಯೇ ಕಥೆ. ಬಂದ ಎರಡನೇ ವಾರಕ್ಕೇ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ಅಲ್ಲಿ ಹಾಸಿಗೆಯ ಬಟ್ಟೆಗಳನ್ನು ಇಬ್ಬಿಬ್ಬರು ಸೇರಿ ಮಡಚಬೇಕು. ಎರಡೆರಡು ತುದಿ ಹಿಡಿದು ದೂರ ನಿಲ್ಲಬೇಕು, ಒಂದು ಮಡಿಕೆಗೆ ಹತ್ತಿರ ಬರಬೇಕು, ಮತ್ತೆ ದೂರ ಹೋಗಬೇಕು, ಮತ್ತೆ ಬರಬೇಕು. ಹತ್ತಿರ ಬಂದ ಮನುಷ್ಯರನ್ನು ಮಾತಾಡಿಸದೆ ಕಳಿಸುವುದು ಅವಳ ಜಾಯಮಾನವಲ್ಲ. ಮೊದಲ ತಿಂಗಳು ಅವಳಿಗೆ ಇದ್ದದ್ದು ಹತ್ತು ಹನ್ನೆರಡು ಪದ. ಆ ಹನ್ನೆರಡನ್ನೇ ಬಿಸಿ ಬಟ್ಟೆಯ ಜೊತೆ ಎದುರಿನವಳ ಕೈಗೆ ಕೊಡುತ್ತಿದ್ದಳು, ಎದುರಿನವಳು ಮುಂದಿನ ಮಡಿಕೆಗೆ ಎರಡು ಸೇರಿಸಿ ವಾಪಸು ಕೊಡುತ್ತಿದ್ದಳು. ವರ್ಷ ತುಂಬುವುದರೊಳಗೆ ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡಿದ್ದಾಳೆ ಎಂಬಲ್ಲಿಯವರೆಗೆ ಅವಳಿಗೆ ಎಲ್ಲ ತಿಳಿಯಿತು. ಕ್ರಿಯಾಪದದ ಬಾಲ ನುಂಗುತ್ತಿದ್ದಳು, ಗಂಡು ಪದಕ್ಕೆ ಹೆಣ್ಣಿನ ಬಟ್ಟೆ ತೊಡಿಸುತ್ತಿದ್ದಳು, ನಿನ್ನೆಯದನ್ನು ನಾಳೆಗೆ ಹಾಕುತ್ತಿದ್ದಳು. ಯಾರೂ ಅವಳನ್ನು ಏನೆಂದಿರಿ ಎಂದು ಎರಡನೇ ಸಲ ಕೇಳುತ್ತಿರಲಿಲ್ಲ.

ಕೆಂಪು ಪೆನ್ನು ಕೇಳಿಸಿಕೊಳ್ಳುತ್ತಿದ್ದ. ಬರೀ ಕೇಳಿಸಿಕೊಳ್ಳುತ್ತಿದ್ದರೆ ಪರವಾಗಿರಲಿಲ್ಲ, ಬರೆದುಕೊಳ್ಳುತ್ತಿದ್ದ. ಇಪ್ಪತ್ತೇಳು ನೋಟ್‌ಬುಕ್ಕುಗಳಲ್ಲಿ ಒಂದಕ್ಕೆ ಹಸಿರು ರಟ್ಟು. ಅದರಲ್ಲಿ ಇದ್ದದ್ದು ಹೆಂಡತಿಯ ತಪ್ಪುಗಳು. ಅವಳು ಫೋನಿನಲ್ಲಿ ಜೊತೆಯವಳ ಹತ್ತಿರ ಹರಟುತ್ತಿದ್ದರೆ ಇವನು ಪಕ್ಕದ ಕೋಣೆಯಲ್ಲಿ ಕಿವಿ ನಿಮಿರಿಸಿ ಕೂರುತ್ತಿದ್ದ. ತಾರೀಖು, ತಪ್ಪು ವಾಕ್ಯ, ಅದರ ಕೆಳಗೆ ಕೆಂಪಿನಲ್ಲಿ ಸರಿಯಾದ ವಾಕ್ಯ. ಸಂಖ್ಯೆ ಸಾವಿರ ದಾಟಿದ ದಿನ ಅವನಿಗೆ ಒಂಥರಾ ಸಂತೋಷವೇ ಆಯಿತು. ಸಿಟ್ಟು ಎಂದರೆ ಏನು, ರೇಗಿಸುವುದು ಹೇಗೆ, ಬೇಡವೆನ್ನುವುದನ್ನು ನೋವಾಗದಂತೆ ಹೇಳುವುದು ಹೇಗೆ, ಇಂಥ ಜೀವವಿರುವ ಮಾತೆಲ್ಲ ಅವನಿಗೆ ಸಿಕ್ಕಿದ್ದು ಆ ಹಸಿರು ರಟ್ಟಿನಿಂದಲೇ ಹೊರತು ವ್ಯಾಕರಣ ಪುಸ್ತಕಗಳಿಂದಲ್ಲ. ಇದನ್ನು ಅವನ ಕುತ್ತಿಗೆ ಹಿಡಿದರೂ ಅವನು ಒಪ್ಪುತ್ತಿರಲಿಲ್ಲ.

ಒಮ್ಮೆ ಮಾತ್ರ ಅವಳು ತಾನಾಗಿ ಅವನ ಮೇಜಿನ ಹತ್ತಿರ ಬಂದಿದ್ದಳು. ಜೊತೆಯಲ್ಲಿ ಬಟ್ಟೆ ಮಡಚುವವಳ ತಾಯಿ ತೀರಿಕೊಂಡಿದ್ದಳು. ಸಾವಿನ ಮಾತನ್ನು ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ, ಬರೆದುಕೊಟ್ಟರೆ ಅವಳ ಹತ್ತಿರ ಉಳಿಯುತ್ತದೆ ಎಂದು ಇವಳಿಗೆ ಅನ್ನಿಸಿತ್ತು. ಎರಡು ಸಂಜೆ ಕೂತು, ಔಷಧಿ ಡಬ್ಬಿ ಮೇಲಿನ ಅಕ್ಷರ, ಬಸ್ಸಿನ ಫಲಕದ ಅಕ್ಷರ ಎಲ್ಲ ಸೇರಿಸಿ ಒಂಬತ್ತು ಸಾಲು ಬರೆದಿದ್ದಳು. ಬರೆಯುವಾಗಲೇ ತನ್ನ ಮಾತಿನಲ್ಲಿ ಎಲ್ಲೆಲ್ಲಿ ತೂತಿದೆ ಎನ್ನುವುದು ಅವಳಿಗೇ ಕಾಣತೊಡಗಿತ್ತು. ಬಾಯಲ್ಲಿ ನಗು, ಕೈಸನ್ನೆ ಹಾಕಿ ತುಂಬುತ್ತಿದ್ದ ಜಾಗಗಳೆಲ್ಲ ಕಾಗದದ ಮೇಲೆ ಖಾಲಿ ಬಿದ್ದಿದ್ದವು. ಅದನ್ನು ಗಂಡನ ಹತ್ತಿರ ಕೇಳಿ ಕಲಿಯೋಣ ಎಂದುಕೊಂಡೇ ಬಂದಿದ್ದಳು. ಅವನು ಕನ್ನಡಕ ಏರಿಸಿದ, ಪೆನ್ನು ತೆಗೆದ, ಒಂಬತ್ತು ಸಾಲಿನಲ್ಲಿ ಇಪ್ಪತ್ತಮೂರು ತಪ್ಪು ಹುಡುಕಿದ. ಹಾಳೆ ಗಾಯವಾದಂತೆ ಕಾಣುತ್ತಿತ್ತು. ಇದನ್ನು ಬೇರೆಯವರಿಗೆ ತೋರಿಸಿ ಮರ್ಯಾದೆ ಕಳೀಬೇಡ ಎಂದು ಹೇಳಿ ವಾಪಸು ಕೊಟ್ಟ. ಅವಳು ಅದನ್ನು ನಾಲ್ಕಾಗಿ ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಆಮೇಲೆ ಯಾವತ್ತೂ ಅವನ ಎದುರು ಪೆನ್ನು ಹಿಡಿಯಲಿಲ್ಲ.

ಅವನ ತಾತ್ಸಾರಕ್ಕೆ ಹೆಂಡತಿ ಒಬ್ಬಳೇ ಗುರಿ ಎಂದೇನೂ ಅಲ್ಲ. ಹತ್ತಿರದ ಸಭಾಂಗಣದಲ್ಲಿ ಹೊರಗಿನಿಂದ ಬಂದವರಿಗೆಂದು ಸಂಜೆ ತರಗತಿ ನಡೆಯುತ್ತಿತ್ತು. ಅವಳ ಒತ್ತಾಯಕ್ಕೆ ಒಂದು ದಿನ ಹೋಗಿದ್ದ. ಕಲಿಸುವವಳು ಚಿಕ್ಕ ವಯಸ್ಸಿನ ಹುಡುಗಿ. ತಪ್ಪಾದರೆ ಆಗಲಿ, ಎಲ್ಲರೂ ಗಟ್ಟಿಯಾಗಿ ಮಾತಾಡಿ ಎನ್ನುತ್ತಿದ್ದಳು. ಟ್ಯಾಕ್ಸಿ ಓಡಿಸುವವನು, ಬಡಗಿ, ಮುದುಕರನ್ನು ನೋಡಿಕೊಳ್ಳುವ ಆಯಾ, ಎಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅರಚುತ್ತಿದ್ದರು. ಅದು ಪಾಠವೋ ಸಂತೆಯೋ ಅವನಿಗೆ ತಿಳಿಯಲಿಲ್ಲ. ಅವನ ಸರದಿ ಬಂದಾಗ ಎದ್ದು ಹೋಗಿ, ಹಲಗೆಯ ಮೇಲೆ ಅವಳು ಅವಸರದಲ್ಲಿ ಬಿಟ್ಟಿದ್ದ ಒಂದು ಅಲ್ಪವಿರಾಮ ಹಾಕಿ, ಸೀಮೆಸುಣ್ಣ ಇಟ್ಟು, ಮನೆಗೆ ಬಂದ. ತುಟಿ ಪಿಟಕ್ ಎನ್ನಲಿಲ್ಲ. ಅದನ್ನು ಅವನು ಗೆಲುವು ಎಂದು ಎಣಿಸಿಕೊಂಡ.

ಹೀಗೆ ನಾಲ್ಕು ವರ್ಷ ಹೆಂಡತಿಯ ದುಡಿಮೆಯಲ್ಲಿ ಉಂಡು, ಅವಳ ತಪ್ಪುಗಳನ್ನು ಹೆಕ್ಕುತ್ತಾ ಕೂತಿದ್ದವನಿಗೆ ಒಂದು ದಾರಿ ಕಂಡಿತು. ಊರಿನ ಗ್ರಂಥಾಲಯಕ್ಕೆ ಪುಸ್ತಕಗಳ ವಿವರ ಬರೆಯುವವರು ಬೇಕಾಗಿದ್ದರು. ಐವತ್ತು ದಾಟಿದವರು ಅರ್ಜಿ ಹಾಕುವಂತಿಲ್ಲ. ಅವನಿಗೆ ಐವತ್ತು ತುಂಬಲು ಎರಡು ತಿಂಗಳಿತ್ತು. ಇದು ತಪ್ಪಿದರೆ ಮೇಜಿನ ಮುಂದೆ ಕೂರುವ ಕೆಲಸ ಈ ಜನ್ಮಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಅರ್ಜಿಯ ಜೊತೆ ಎರಡು ಪುಟದ ಪ್ರಬಂಧವನ್ನು ಮನೆಯಲ್ಲೇ ಬರೆದು ಕಳಿಸಬೇಕಿತ್ತು. ಅವನು ಹನ್ನೊಂದು ದಿನ ಬರೆದ. ಮೂರು ವಾರಕ್ಕೆ ಸಂದರ್ಶನಕ್ಕೆ ಬನ್ನಿ ಎಂಬ ಕಾಗದ ಬಂತು.

ಅವನು ಅರವತ್ತನಾಲ್ಕು ಪ್ರಶ್ನೆ ಊಹಿಸಿದ. ಒಂದೊಂದಕ್ಕೂ ಒಂದು ಚೀಟಿಯಲ್ಲಿ ಉತ್ತರ ಬರೆದು, ಮೂರು ಸಲ ತಿದ್ದಿ, ಸಂಖ್ಯೆ ಹಾಕಿ, ಬಾಯಿಪಾಠ ಮಾಡಿದ. ಹೆಂಡತಿ ಕೆಲಸ ಮುಗಿಸಿ ಬಂದು, ಕಾಲು ನೀವಿಕೊಳ್ಳುತ್ತಾ, ನಾನು ಆ ಕಡೆ ಕೂತು ಸುಮ್ನೆ ಏನಾದ್ರೂ ಕೇಳ್ತೀನಿ, ಹೇಳಿ ನೋಡಿ ಎಂದಳು. ಚೀಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಏನು ಮಾಡ್ತೀರಿ ಎಂದೂ ಕೇಳಿದಳು.

"ನಿನ್ನ ಹತ್ರ ಅಭ್ಯಾಸ ಮಾಡಿದ್ರೆ ಇರೋದೂ ಕೆಟ್ಟುಹೋಗುತ್ತೆ" ಎಂದ ಅವನು.

ಅವಳು ಎದ್ದು ಒಲೆಯ ಹತ್ತಿರ ಹೋದಳು. ಸಂದರ್ಶನದ ದಿನ ಮಾತ್ರ ಜೊತೆಯಲ್ಲೇ ಹೊರಟಳು. ಎರಡು ಬಸ್ಸು ಬದಲಿಸಬೇಕು, ಎಲ್ಲಿ ಇಳಿಯುವುದು ಎಂದು ಚಾಲಕನನ್ನು ಕೇಳಬೇಕು, ಅದನ್ನು ಕೇಳುವ ಬಾಯಿ ಮನೆಯಲ್ಲಿ ಇದ್ದದ್ದು ಒಂದೇ. ಮಧ್ಯಾಹ್ನದ ಪಾಳಿಗೆ ಹೋಗಬೇಕಾದ್ದರಿಂದ ಅವಳು ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದಳು. ಅವನಿಗೆ ಅದು ಅವಮಾನವೆನಿಸಿತು. ಗ್ರಂಥಾಲಯದ ಪಡಸಾಲೆಯಲ್ಲಿ ಅವಳಿಂದ ಎರಡು ಕುರ್ಚಿ ಬಿಟ್ಟು ಕೂತ.

ಪಡಸಾಲೆಯ ಮೂಲೆಯಲ್ಲಿ ಒಂದು ನೀರಿನ ಕೊಳವೆ ಸೋರಿ, ಗೋಡೆಯ ಹತ್ತಿರದ ಪುಸ್ತಕಗಳು ತೇವವಾಗಿದ್ದವು. ಬಿಳಿ ಕೂದಲಿನ ಒಬ್ಬ ಹೆಂಗಸು ಅವನ್ನು ಕಟ್ಟಡ ಬೆಚ್ಚಗಿಡುವ ಬಿಸಿ ಕೊಳವೆಯ ಮೇಲೆ ಜೋಡಿಸುತ್ತಿದ್ದಳು. ಹೆಂಡತಿ ಎದ್ದು ಅವಳ ಹತ್ತಿರ ಹೋದಳು. ಹಾಗೆ ಒಮ್ಮೆಲೇ ಬಿಸಿ ತಗುಲಿಸಿದರೆ ಹಾಳೆ ಸೊಟ್ಟಗಾಗುತ್ತದೆ, ನಮ್ಮಲ್ಲಿ ದಿಂಬಿನ ಚೀಲಕ್ಕೂ ಹಾಗೆ ಮಾಡಲ್ಲ, ನಡುನಡುವೆ ಖಾಲಿ ಕಾಗದ ಇಟ್ಟು ಒಂದು ಭಾರ ಹೇರಿ ಎಂದಳು. ಇಬ್ಬರೂ ಸೇರಿ ಪುಸ್ತಕಗಳ ನಡುವೆ ಕಾಗದ ಇಡತೊಡಗಿದರು. ಮಾತು ಕೊಳವೆಯಿಂದ ಮೊಣಕಾಲು ನೋವಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಹೋಯಿತು. ಕೆಂಪು ಪೆನ್ನು ಎರಡು ಕುರ್ಚಿ ಆಚೆ ಕೂತು ಏಳು ತಪ್ಪು ಎಣಿಸಿದ. ಹಸಿರು ರಟ್ಟು ತರಲಿಲ್ಲವಲ್ಲ ಎಂದು ಪೇಚಾಡಿಕೊಂಡ.

ಒಳಗೆ ಕರೆದಾಗ ನೋಡಿದರೆ ಆ ಬಿಳಿ ಕೂದಲಿನವಳೇ ಗ್ರಂಥಾಲಯದ ಮುಖ್ಯಸ್ಥೆ. ಪಕ್ಕದಲ್ಲಿ ತೆಳ್ಳನೆಯ ಒಬ್ಬ ಅಧಿಕಾರಿ. ಮುಖ್ಯಸ್ಥೆ ನಗುತ್ತಾ, ಬರುವಾಗ ದಾರಿ ಸುಲಭವಾಗಿ ಸಿಕ್ಕಿತಾ ಎಂದು ಕೇಳಿದಳು. ಅರವತ್ತನಾಲ್ಕರಲ್ಲಿ ಅದಿರಲಿಲ್ಲ. ಅವನು ವಾಕ್ಯ ಕಟ್ಟಲು ಶುರು ಮಾಡಿದ. ಎರಡನೇ ತಿದ್ದುಪಡಿಯಲ್ಲಿರುವಾಗ ಅವಳು ನೀರು ಬೇಕೇ ಎಂದಳು. ಅವನು ಮೊದಲಿನದನ್ನು ಬಿಟ್ಟು ನೀರಿನದನ್ನು ಹಿಡಿದ. ಅಷ್ಟರಲ್ಲಿ ಅಧಿಕಾರಿ, ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿಬಿಟ್ಟ. ಇದು ಒಂದನೇ ಚೀಟಿ. ಕೆಂಪು ಪೆನ್ನು ನೀರಿಗೆ ಬಿದ್ದವನಿಗೆ ದಡ ಸಿಕ್ಕಂತೆ ಅದನ್ನು ಒಂದೇ ಉಸಿರಿಗೆ ಒಪ್ಪಿಸಿದ. ಎಂಥ ಪುಸ್ತಕ ತಿದ್ದುವುದು ನಿಮಗೆ ಇಷ್ಟವಾಗಿತ್ತು ಎಂದು ಅಧಿಕಾರಿ ಆಸೆಯಿಂದ ಕೇಳಿದ. ಅದಕ್ಕೆ ಚೀಟಿ ಇರಲಿಲ್ಲ. ಸುಮ್ಮನಿರುವುದಕ್ಕಿಂತ ವಾಸಿ ಎಂದು ಹತ್ತೊಂಬತ್ತನೆಯದನ್ನು ಹೇಳಿದ. ಹತ್ತೊಂಬತ್ತು ಇದ್ದದ್ದು ಸಮಯಪಾಲನೆಯ ಬಗ್ಗೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಧಿಕಾರಿ ಅವನ ಪ್ರಬಂಧವನ್ನು ಮುಂದಿಟ್ಟುಕೊಂಡ. ಇಷ್ಟು ಚೊಕ್ಕ ಬರವಣಿಗೆಯನ್ನು ಇಲ್ಲಿ ಹುಟ್ಟಿ ಬೆಳೆದವರಲ್ಲೂ ತಾನು ಕಂಡಿಲ್ಲ ಎಂದ. ಆಮೇಲೆ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಬರೆದದ್ದು ನೀವೇನಾ ಎಂದು ಕೇಳಿದ. ಕೆಂಪು ಪೆನ್ನಿನ ಮುಖಕ್ಕೆ ರಕ್ತ ನುಗ್ಗಿತು. ಹೌದು ಎನ್ನಲು ಎರಡಕ್ಷರ ಸಾಕಿತ್ತು. ಅವನು ಹುಡುಕುತ್ತಿದ್ದದ್ದು, ಈ ಅನುಮಾನ ಎಷ್ಟು ಹೀನವಾದದ್ದು ಎಂಬುದನ್ನು ತಕ್ಕ ಗಾಂಭೀರ್ಯದಲ್ಲಿ ಹೇಳುವ ವಾಕ್ಯವನ್ನು. ಅದು ಸಿಗುವುದರೊಳಗೆ ಮುಖ್ಯಸ್ಥೆ ಬಾಗಿಲು ತೆರೆದು ಹೆಂಡತಿಯನ್ನು ಒಳಗೆ ಕರೆದಿದ್ದಳು.

ಅವಳು ಕೈಗೆ ಅಂಟಿದ ಧೂಳು ಒರೆಸಿಕೊಳ್ಳುತ್ತಾ ಬಂದಳು. ವಿಷಯ ಕೇಳಿದ ತಕ್ಷಣ, ಅವಳ ಆ ಬಾಲ ಕತ್ತರಿಸಿದ ಕ್ರಿಯಾಪದಗಳಲ್ಲೇ, ತಡಬಡಿಸದೆ ಹೇಳಿದಳು. ಇವರೇ ಬರೆದಿದ್ದು. ಹನ್ನೊಂದು ದಿನ ಕೂತು ಬರೆದರು, ನಾನು ನೋಡಿದ್ದೀನಿ. ಇವರಿಗೆ ಬಾಯಿ ಸ್ವಲ್ಪ ನಿಧಾನ ಅಷ್ಟೇ, ತಲೆ ಚುರುಕು. ನನಗೆ ಬರೆಯೋಕೆ ಬರಲ್ಲ. ಇವರನ್ನು ತಗೊಳ್ಳಿ, ಒಂದು ದಿನವೂ ನಿಮಗೆ ತಪ್ಪು ಮಾಡಿ ಕೊಡಲ್ಲ ಎಂದಳು. ಗಂಡನ ಪರವಾಗಿ ಇಷ್ಟು ಮಾತನ್ನು ಈ ದೇಶದಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ.

ಅಧಿಕಾರಿ ನಕ್ಕ. ಇಷ್ಟು ಸಲೀಸಾಗಿ ಮಾತಾಡುವವರು ಬರೆಯಲು ಬರುವುದಿಲ್ಲ ಎಂದರೆ ನಾವು ನಂಬಬೇಕೇ, ಸಂಕೋಚ ಬೇಡ, ಬರೆದದ್ದು ನೀವೇ ಆಗಿದ್ದರೆ ನೀವೇ ಅರ್ಜಿ ಹಾಕಬಹುದಲ್ಲ ಎಂದ.

ಕೆಂಪು ಪೆನ್ನಿಗೆ ಅಲ್ಲಿಗೆ ತಡೆಯಲಾಗಲಿಲ್ಲ. ತನ್ನ ವಾಕ್ಯಗಳು, ಈ ಬಟ್ಟೆ ಮಡಚುವವಳ ವಾಕ್ಯಗಳಂತೆ! ಕೆಲಸ ಹೋದರೂ ಹೋಗಲಿ, ಈ ಮಾತು ನಿಲ್ಲಬಾರದು. ಅವನು ಕೈ ನೀಡಿ ಪೆನ್ನು ಕಾಗದ ಎಂದು ಸನ್ನೆ ಮಾಡಿದ. ಕೊಟ್ಟರು. ಅವರ ಎದುರಿಗೇ ಕೂತು ಸರಸರನೆ ಬರೆದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಯಾವುದನ್ನೂ ಹುಡುಕಬೇಕಾಗಲಿಲ್ಲ. ಹಸಿರು ರಟ್ಟಿನ ಸಾವಿರ ಸಾಲು ಬೆರಳ ತುದಿಯಲ್ಲಿ ಕಾಯುತ್ತಾ ನಿಂತಿತ್ತು. ಮೂರು ಸಲ ಓದಿ, ಒಂದು ಅಲ್ಪವಿರಾಮ ಸೇರಿಸಿ, ಕಾಗದವನ್ನು ಮುಂದೆ ತಳ್ಳಿದ.

ಅಧಿಕಾರಿಯ ಕನ್ನಡಕ ಹೊರಗೆ ಉಳಿದಿತ್ತು. ಗಟ್ಟಿಯಾಗಿ ಓದಿ ಎಂದು ಅವನು ಹೇಳಿದ್ದಕ್ಕೆ ಮುಖ್ಯಸ್ಥೆ ಓದಿದಳು. ಒಳ್ಳೆಯ ಓದು ಅವಳದು, ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

"ಈ ಪ್ರಬಂಧವನ್ನು ಈ ಹೆಂಗಸು ಬರೆದಿರುವ ಸಾಧ್ಯತೆಯನ್ನು ಪರಿಶೀಲಿಸುವುದೇ ಹಾಸ್ಯಾಸ್ಪದ. ಆಕೆ ಆಡುವುದು ಭಾಷೆಯಲ್ಲ. ಯಂತ್ರಗಳ ಗದ್ದಲದಲ್ಲಿ ನೆಲದಿಂದ ಹೆಕ್ಕಿದ ಚೂರುಗಳು. ಒಮ್ಮೆ ಆಕೆ ಒಂಬತ್ತು ಸಾಲು ಬರೆಯಲು ಹೋಗಿ ಇಪ್ಪತ್ತಮೂರು ತಪ್ಪು ಮಾಡಿದ್ದಕ್ಕೆ ನಾನೇ ಸಾಕ್ಷಿ. ಆಕೆಯ ಜೊತೆ ಬದುಕುವ ದುರದೃಷ್ಟ ನನ್ನದಾದರೂ..."

ಮುಖ್ಯಸ್ಥೆ ಅಲ್ಲಿಗೆ ನಿಲ್ಲಿಸಿದಳು. ಮುಂದೆ ಇನ್ನೂ ಎರಡು ಸಾಲಿತ್ತು. ಅವಳು ಕಾಗದವನ್ನು ಮೇಜಿನ ಮೇಲೆ ಮಗುಚಿ ಹಾಕಿ, ನಿಮಗೆ ಇದು ಅರ್ಥವಾಗಲಿಲ್ಲ ಅಲ್ಲವೇ ಎಂದು ಹೆಂಡತಿಯನ್ನು ಕೇಳಿದಳು. ಆಗಲಿಲ್ಲ ಎನ್ನಲಿ ಎಂಬ ಆಸೆ ಆ ದನಿಯಲ್ಲೇ ಇತ್ತು.

"ಎಲ್ಲ ಅರ್ಥ ಆಯ್ತು" ಎಂದಳು ಹೆಂಡತಿ. "ಅದ್ರಲ್ಲಿ ಒಂದೂ ತಪ್ಪಿಲ್ಲ. ನಾನು ಹೇಳಿದ್ನಲ್ಲ, ಇವ್ರು ತಪ್ಪು ಮಾಡೋದೇ ಇಲ್ಲ."

ಅಷ್ಟು ಹೇಳಿ ಹೊರಗೆ ಹೋಗಿ ಕೂತಳು. ಬರೆದದ್ದು ಇವನೇ ಎನ್ನುವುದರಲ್ಲಿ ಇನ್ನು ಅನುಮಾನ ಉಳಿದಿರಲಿಲ್ಲ. ಅಧಿಕಾರಿ ಗಂಟಲು ಸರಿಮಾಡಿಕೊಂಡು, ನಮಗೆ ಬೇಕಾಗಿರುವುದು ಬರೆಯುವ ಕೈ ತಾನೇ ಎಂದ. ಮುಖ್ಯಸ್ಥೆ ಮಗುಚಿದ ಕಾಗದವನ್ನು ಪಕ್ಕಕ್ಕೆ ಸರಿಸಿ, ನೇಮಕದ ಹಾಳೆಗೆ ಸಹಿ ಹಾಕಿದಳು. ಕೆಲಸ ಹಿಂದಿನ ಕೋಣೆಯಲ್ಲಿ ಎಂದಳು.

"ಅಲ್ಲಿ ನಿಮ್ಮ ಹತ್ತಿರ ಯಾರೂ ಬರಲ್ಲ. ಯಾರ ಜೊತೆಗೂ ಮಾತಾಡೋ ಅಗತ್ಯ ಇಲ್ಲ." ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

ಕೆಂಪು ಪೆನ್ನು ಸಹಿಯಾದ ಹಾಳೆಯನ್ನು ಜೇಬಿಗೆ ಸೇರಿಸಿ ಹೊರಗೆ ಬಂದ. ಗೆದ್ದವನಂತೆಯೇ ಬಂದ. ಹೆಂಡತಿ ಎದ್ದು ಮುಂದೆ ನಡೆದಳು, ಅವನು ಹಿಂದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳು ಚೀಲ ತೆರೆದು ನಾಲ್ಕಾಗಿ ಮಡಚಿದ ಒಂದು ಹಾಳೆ ತೆಗೆದಳು. ಬಿಚ್ಚುವ ಮೊದಲೇ ಅವನಿಗೆ ಗುರುತು ಸಿಕ್ಕಿತು. ಆ ಕೆಂಪು ಗೀಟುಗಳ ಕೆಳಗೆ, ಖಾಲಿ ಜಾಗದಲ್ಲಿ, ಅದೇ ಒಂಬತ್ತು ಸಾಲನ್ನು ಅವಳು ಮತ್ತೆ ಬರೆದಿದ್ದಳು. ಅದರ ಕೆಳಗೆ ಇನ್ನೊಮ್ಮೆ. ಅದರ ಕೆಳಗೆ ಮತ್ತೊಮ್ಮೆ. ಕೊನೆಯದರಲ್ಲಿ ಅವನ ಕಣ್ಣು, ಅಭ್ಯಾಸಬಲದಿಂದ, ತಪ್ಪು ಹುಡುಕಿತು. ಎರಡು ಸಿಕ್ಕವು. ಎರಡೇ. ಯಾವ ದಿನಗಳಲ್ಲಿ, ಯಾರ ಹತ್ತಿರ ಕೇಳಿ ಅವಳು ಇದನ್ನು ಕಲಿತಳೋ ಅವನಿಗೆ ತಿಳಿಯಲಿಲ್ಲ. ಬಟ್ಟೆ ಮಡಚುವ ಕೋಣೆಯಲ್ಲಿ, ಮಡಿಕೆಗೊಂದು ಅಕ್ಷರದಂತೆ ಕಲಿತಿರಬೇಕು.

ಅವಳು ಹಾಳೆಯನ್ನು ಮತ್ತೆ ಮಡಚಿ ಒಳಗಿಟ್ಟಳು. ಆಸ್ಪತ್ರೆಯ ಕಡೆ ಹೋಗುವ ಬಸ್ಸು ತಿರುವಿನಲ್ಲಿ ಕಾಣಿಸಿತು. ಆಗ ಅವಳು ಅವನ ಕಡೆ ತಿರುಗಿ, ತಮ್ಮ ಸ್ವಂತ ಭಾಷೆಯಲ್ಲಿ, ತಾಯಂದಿರಿಂದ ಇಬ್ಬರೂ ಕಲಿತ ಭಾಷೆಯಲ್ಲಿ ಕೇಳಿದಳು:

"ಏನಾದ್ರೂ ಹೇಳೋದಿದ್ಯಾ ನಿಮಗೆ?"

ಹೇಳುವುದಿತ್ತು. ಅವನ ಎದೆಯಲ್ಲಿ ಏನೋ ಕುಸಿದದ್ದು ಆಗಲೇ, ಆ ಎರಡು ತಪ್ಪುಗಳನ್ನು ಕಂಡಾಗಲೇ. ಈ ಭಾಷೆಯಲ್ಲಿ ಅವನಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಬಾಯಿಗೆ ಬಂದ ಒಂದು ಮಾತು, ಎಂಥ ಮುರುಕಲು ಮಾತಾದರೂ ಸರಿ, ಆಡಿದ್ದರೆ ಅವಳು ನಿಲ್ಲುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು. ಆದರೆ ಕ್ಷಮಿಸು ಎಂದು ಶುರು ಮಾಡುವುದೋ, ನನ್ನಿಂದ ತಪ್ಪಾಯಿತು ಎಂದು ಶುರು ಮಾಡುವುದೋ? ತಪ್ಪು ಎಂಬ ಪದವನ್ನು ತನಗೆ ತಾನೇ ಹಚ್ಚಿಕೊಳ್ಳುವುದು ಅವನಿಗೆ ಹೊಸದು. ಅವನು ವಾಕ್ಯದ ಮೊದಲನ್ನು ಕೊನೆಗೆ ಹಾಕಿ ನೋಡಿದ, ಒಂದು ಪದ ಬದಲಿಸಿದ, ಮತ್ತೆ ಮೊದಲಿನಿಂದ ಓದಿಕೊಂಡ.

ಬಸ್ಸು ಬಂದು ನಿಂತಿತು. ಅವಳು ಹತ್ತಿದಳು, ಚಾಲಕನಿಗೆ ಏನೋ ಹೇಳಿದಳು, ಚಾಲಕ ನಕ್ಕ, ಬಾಗಿಲು ಮುಚ್ಚಿತು.

ಬಸ್ಸು ತಿರುವು ದಾಟಿ ಹೋದ ಮೇಲೆ ಅವನ ಮಾತು ಸಿದ್ಧವಾಯಿತು. ಮೂರು ಸಲ ತಿದ್ದಿದ್ದ ಒಳ್ಳೆಯ ವಾಕ್ಯ, ಒಂದು ಅಕ್ಷರವೂ ಆಚೀಚೆ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಮನೆಗೆ ಹೋಗುವ ಬಸ್ಸು ಯಾವುದೆಂದು ಕೆಂಪು ಪೆನ್ನಿಗೂ ಗೊತ್ತಿರಲಿಲ್ಲ. ಅವನು ಕಿವಿ ಮುಟ್ಟಿ ತೋರಿಸಿ, ಕೇಳಿಸುವುದಿಲ್ಲ ಎಂದು ತಲೆಯಾಡಿಸಿದ.